ಬ್ರೇಕ್ ದಿನದ ಹಾಜರಿ

ಅಕ್ಕ ತರಗತಿಯಲ್ಲಿ ಕುರ್ಚಿಯ ಮೇಲೆ ಕೂತದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ಚನ್ನಗಿರಿಯಲ್ಲಿ ಕೂರಲಿಲ್ಲ, ಹೊನ್ನಾಳಿಯಲ್ಲಿ ಕೂರಲಿಲ್ಲ. ವಾರಕ್ಕೆ ಎರಡು ದಿನ ಬಸ್ಸಿನಲ್ಲಿ ನಿಂತುಕೊಂಡೇ ನ್ಯಾಮತಿಗೆ ಹೋಗಿ ಪಾಠ ಮಾಡುತ್ತಿದ್ದಾಗಲೂ ಕೂರಲಿಲ್ಲ. ಯಾರಾದರೂ ಟವೆಲ್ಲಿನಿಂದ ಕುರ್ಚಿಯ ದೂಳು ಹೊಡೆದು "ಕುಂದರ್ರಿ ಅಕ್ಕೋರೆ" ಎಂದರೆ, "ಅದು ಖಾಯಂ ಆದೋರ ಕುರ್ಚಿ ಕಣಪ್ಪ, ನಂದು ತಾತ್ಕಾಲಿಕ ಸೊಂಟ" ಎನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ಅವಳು ನಗುತ್ತಿರಲಿಲ್ಲ.

ಅವಳೇ ಕೆಲಸ ಬಿಟ್ಟಳು ಎಂದು ನಮ್ಮ ಕಡೆ ಈಗಲೂ ಕೆಲವರು ಹೇಳುತ್ತಾರೆ. ಅಕ್ಕ ಬಿಡಲಿಲ್ಲ. ಅವಳನ್ನು ತೆಗೆದರು. ತೆಗೆದದ್ದರಲ್ಲಿ ನನ್ನ ಕೈ ಇದೆ. ಅವಳು ತೀರಿಕೊಂಡು ವರ್ಷವಾಯಿತು. ನಾನು ಆರನೇ ತರಗತಿಯಲ್ಲಿ ಎರಡು ಸಲ ಕೂತು ಶಾಲೆ ಬಿಟ್ಟವನು. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಬರೆಯುವುದು ನನಗೆ ಸಲೀಸಲ್ಲ. ಆದರೂ ಇದನ್ನು ಬೇರೆ ಯಾರೂ ಬರೆಯಲಾರರು.

ಅಕ್ಕ ಬಿ.ಎ. ಮಾಡಿದ್ದಳು. ನಮ್ಮ ಬೀದಿಯಲ್ಲಿ ಅದೇ ಮೊದಲು. ಎಪ್ಪತ್ತರ ದಶಕದ ನಡುವೆ ನಮ್ಮ ಸೀಮೆಯ ಒಂದು ವಿದ್ಯಾಸಂಘ ದೊಡ್ಡವರಿಗಾಗಿ ಬೆಳಗಿನ ಇಂಗ್ಲಿಷ್ ತರಗತಿ ತೆರೆಯಿತು. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಒಂದರಲ್ಲೇ ನಪಾಸಾಗಿ, ಬದುಕು ಅಲ್ಲಿಗೇ ಸಿಕ್ಕಿಕೊಂಡವರು ಆಗ ಊರೂರಲ್ಲೂ ಇದ್ದರು. ಅಡಿಕೆ ಮಂಡಿಯ ಗುಮಾಸ್ತ, ಸರ್ಕಾರಿ ಆಸ್ಪತ್ರೆಯ ಕಾಂಪೌಂಡರ್, ಖಾಸಗಿ ಬಸ್ಸಿನ ಕಂಡಕ್ಟರ್, ಸಾಸ್ವೆಹಳ್ಳಿ ಕಡೆಯಿಂದ ಸೈಕಲ್ ತುಳಿದು ಬರುತ್ತಿದ್ದ ಲೈನ್‌ಮನ್, ನರ್ಸಾಗಬೇಕೆಂದು ಹಟ ಹಿಡಿದಿದ್ದ, ಇಬ್ಬರು ಮಕ್ಕಳ ತಾಯಿಯಾದ ಒಬ್ಬ ಆಯಾ. ಬೆಳಿಗ್ಗೆ ಆರೂವರೆಗೆ ಬಂದು ಎಂಟಕ್ಕೆ ಎದ್ದು ಅವರವರ ಕೆಲಸಕ್ಕೆ ಓಡುವ ಜನ. ಮೊದಲು ಚನ್ನಗಿರಿಯಲ್ಲಿ, ಆಮೇಲೆ ಹೊನ್ನಾಳಿ, ನ್ಯಾಮತಿಗಳಲ್ಲಿ ಅಕ್ಕನೇ ಅವರ ಟೀಚರು. ನನಗೊಬ್ಬನಿಗೆ ಅಕ್ಕ, ಉಳಿದವರಿಗೆಲ್ಲ ಅಕ್ಕೋರು.

ಚಾಕ್‌ಪೀಸನ್ನು ತುರುಬಿಗೆ ಸಿಕ್ಕಿಸಿಕೊಳ್ಳುವುದು ಅವಳ ಅಭ್ಯಾಸ. ಮೂವತ್ತಕ್ಕೇ ತಲೆ ನರೆತವಳಂತೆ ಕಾಣುತ್ತಿದ್ದಳು. ಅವ್ವ ಬೈದರೆ, "ಬಿಡವ್ವ, ಹೆಂಗೂ ಬೆಳ್ಳಗಾಗೋದೇ, ನಾನು ಮುಂಗಡ ತಗಂಡೀನಿ" ಎನ್ನುತ್ತಿದ್ದಳು. ತರಗತಿಯಲ್ಲಿ ಅವಳದ್ದು ಒಂದೇ ಕಾನೂನು: "ತಪ್ಪು ಮಾತಾಡ್ರಿ, ಆದ್ರೆ ಜೋರಾಗಿ ಮಾತಾಡ್ರಿ. ಮೆಲ್ಲಗೆ ಆಡಿದ ತಪ್ಪನ್ನ ತಿದ್ದಾಕೆ ಬರಲ್ಲ, ನಂಗೆ ಕೇಳಿಸಬೇಕಲ್ಲ." ಹೊನ್ನಾಳಿಯ ಆ ಬೀದಿಯಲ್ಲಿ ಬೆಳಿಗ್ಗೆ ಹೊತ್ತು ಹಾಲು ತರಲು ಹೋದವರಿಗೆ ಹದಿನೈದು ಗಡಸು ಗಂಟಲುಗಳು ಒಟ್ಟಿಗೆ ಇಂಗ್ಲಿಷನ್ನು ಅಟ್ಟಿಸಿಕೊಂಡು ಹೋಗುತ್ತಿರುವುದು ಕೇಳಿಸುತ್ತಿತ್ತು.

ನನ್ನನ್ನೂ ಕರೆದಳು. "ಬಾರೋ, ಹಿಂದಿನ ಸಾಲಿನಾಗೆ ಕುಂದ್ರು. ಯಾರೂ ನಗಲ್ಲ." ಆಗ ನಾನು ಸೈಕಲ್ ಶಾಪಿನಲ್ಲಿ ಪಂಚರ್ ಹಾಕುತ್ತಿದ್ದೆ. ಹೆಂಗಸಿನ ಮುಂದೆ, ಅದೂ ಸ್ವಂತ ಅಕ್ಕನ ಮುಂದೆ ಕೈಕಟ್ಟಿ ಕೂರುವುದೇ ಅಂದುಕೊಂಡೆ. "ಟ್ಯೂಬಿಗೆ ಇಂಗ್ಲಿಷ್ ಬ್ಯಾಡವ್ವ" ಅಂದೆ. ಟ್ಯೂಬ್ ಅನ್ನುವುದೇ ಇಂಗ್ಲಿಷ್ ಎಂದು ಅವಳು ನೆನಪಿಸಿದಳು. ನನಗೆ ಇನ್ನಷ್ಟು ಸಿಟ್ಟು ಬಂತು.

ಅವಳ ನೌಕರಿಯ ಬಗೆ ಹೀಗಿತ್ತು. ಪ್ರತಿ ಮಾರ್ಚ್ ಕೊನೆಯ ದಿನ ಸಂಘದ ಜವಾನ ಒಂದು ಕಾಗದ ತಂದುಕೊಡುತ್ತಿದ್ದ: ನಿಮ್ಮನ್ನು ಸೇವೆಯಿಂದ ಬಿಡುಗಡೆ ಮಾಡಲಾಗಿದೆ. ಏಪ್ರಿಲ್ ಎರಡಕ್ಕೆ ಇನ್ನೊಂದು ಕಾಗದ: ನಿಮ್ಮನ್ನು ತಾತ್ಕಾಲಿಕವಾಗಿ ನೇಮಿಸಲಾಗಿದೆ. ನಡುವಿನ ಆ ಒಂದು ದಿನ ಅವಳು ಯಾರ ನೌಕರಿಯಲ್ಲೂ ಇಲ್ಲ. ಇದಕ್ಕೆ 'ಬ್ರೇಕ್' ಅನ್ನುತ್ತಿದ್ದರು. ಒಂದೇ ದಿನ ಮುರಿದರೆ ಸಾಕು, ಸೇವೆಗೆ ವರ್ಷಗಳು ಕೂಡುವುದಿಲ್ಲ, ಕೂಡದಿದ್ದರೆ ಖಾಯಂ ಮಾಡುವ ಪ್ರಶ್ನೆಯೇ ಬರುವುದಿಲ್ಲ. ವರ್ಷಕ್ಕೊಮ್ಮೆ ಸತ್ತು ಹುಟ್ಟುವ ಕೆಲಸ.

ಬೇರೆ ತಾತ್ಕಾಲಿಕ ಟೀಚರುಗಳು ಆವತ್ತು ಸಂಘದ ಕಾರ್ಯದರ್ಶಿಯ ಮನೆಗೆ ಹಣ್ಣು ತೆಗೆದುಕೊಂಡು ಹೋಗುತ್ತಿದ್ದರು. ಅಕ್ಕ ಒಂದು ವರ್ಷ ಏನು ಮಾಡಿದಳು ಗೊತ್ತೇ? ಬಿಡುಗಡೆಯ ಕಾಗದ ಇಂಗ್ಲಿಷಿನಲ್ಲಿತ್ತು. ಓದಿದಳು, ಕೆಂಪು ಪೆನ್ನು ತೆಗೆದು ಮೂರು ಕಡೆ ಗೀಟು ಹಾಕಿ ಜವಾನನ ಕೈಗೆ ವಾಪಸು ಕೊಟ್ಟಳು.

"ನಿಮ್ಮ ಕಾರ್ಯದರ್ಶಿಗಳಿಗೆ ಹೇಳಪ್ಪ, ಮೂರು ತಪ್ಪು ಐತೆ. ತಿದ್ದೀನಿ. ಕಾಪಿ ಮಾಡಿ ಕಳಿಸಲಿ, ಆಮೇಲೆ ಸಹಿ ಹಾಕ್ತೀನಿ."

ಜವಾನ ಹೆದರಿದ. "ಅಕ್ಕೋರೆ, ನಾನು ಹೆಂಗ್ರಿ ಹೇಳ್ಲಿ ಇದನ್ನ?"

"ಜೋರಾಗಿ ಹೇಳು."

ಕಾಗದ ತಿದ್ದಿಕೊಂಡು ಬಂತು. ಅವಳು ಸಹಿ ಹಾಕಿದಳು. ಕಾರ್ಯದರ್ಶಿ ಅದನ್ನು ಮರೆಯಲಿಲ್ಲ.

ಬ್ರೇಕ್ ದಿನ ತರಗತಿಯ ಕೋಣೆಗೆ ಬೀಗ ಬೀಳುತ್ತಿತ್ತು. ಅಕ್ಕ ಹೊರಗೆ ಪಾಠ ಮಾಡುತ್ತಿದ್ದಳು. ಚನ್ನಗಿರಿಯಲ್ಲಿ ಕೋಟೆ ಗುಡ್ಡದ ಬುಡದಲ್ಲಿ, ಹೊನ್ನಾಳಿಯಲ್ಲಿ ಹೊಳೆಯ ಮೆಟ್ಟಿಲ ಮೇಲೆ. ಒಂದು ವರ್ಷ, ಬರೆಯಲು ಬೋರ್ಡಿಲ್ಲವೆಂದು ಕಂಡಕ್ಟರು ತನ್ನ ಬಸ್ಸನ್ನೇ ಮರದಡಿಗೆ ತರಿಸಿದ. ಅಕ್ಕ ಬಸ್ಸಿನ ಬೆನ್ನಿನ ಮೇಲೇ ಚಾಕ್‌ಪೀಸಿನಲ್ಲಿ ಬರೆದು ಪಾಠ ಮಾಡಿದಳು. ಅರ್ಧ ಪಾಠವಾಗುವಾಗ ಬಸ್ಸಿನ ಹೊತ್ತಾಯಿತು.

"ಅಕ್ಕೋರೆ, ಡ್ರೈವರ್ ಹಾರನ್ ಹೊಡೀತಾವ್ನೆ. ಒರೆಸಲೇನ್ರಿ?"

"ಬ್ಯಾಡ. ಹೋಗ್ಲಿ. ನ್ಯಾಮತಿಯೋರೂ ಓದ್ಕಳ್ಳಿ."

ಹಾಗೆ ನಮ್ಮೂರು ಹೊನ್ನಾಳಿಯ ಪಾಠ ನ್ಯಾಮತಿ, ಸವಳಂಗ ದಾಟಿ ಶಿವಮೊಗ್ಗದವರೆಗೆ ಹೋಯಿತು. "ಬ್ರೇಕ್ ಹಾಕಿದ್ರೆ ಎಂಥ ಬಸ್ಸಾದ್ರೂ ನಿಲ್ತತಿ, ನಮ್ಮಕ್ಕೋರು ಮಾತ್ರ ನಿಲ್ಲಾಂಗಿಲ್ಲ" ಎಂದು ಕಂಡಕ್ಟರು ವರ್ಷವಿಡೀ ಟಿಕೆಟ್ ಹರಿಯುತ್ತ ಹೇಳಿಕೊಂಡು ತಿರುಗಿದ.

ಆ ದಿನಕ್ಕೆಂದೇ ಅಕ್ಕನ ಬಳಿ ಒಂದು ನೋಟ್‌ಪುಸ್ತಕವಿತ್ತು. ನೀಲಿ ರಟ್ಟಿನದು. ವರ್ಷಕ್ಕೆ ಒಂದೇ ಪುಟ. ಬಂದವರೆಲ್ಲ ತಾರೀಖು ಹಾಕಿ, ಒಂದು ಸಾಲು ಇಂಗ್ಲಿಷ್ ಬರೆದು, ಕೆಳಗೆ ಸಹಿ ಮಾಡುತ್ತಿದ್ದರು. ಸಂಘದ ಹಾಜರಿ ಪುಸ್ತಕದಲ್ಲಿ ಆ ದಿನ ಖಾಲಿ, ಅಕ್ಕನ ಪುಸ್ತಕದಲ್ಲಿ ಭರ್ತಿ. ಅದನ್ನವಳು ನಮ್ಮ ಮನೆಯ ಟ್ರಂಕಿನಲ್ಲಿಟ್ಟಿದ್ದಳು. ನಾನು ಎಷ್ಟೋ ಸಲ ತೆಗೆದು ನೋಡಿದ್ದೆ. ನನಗದು ಬರೀ ಇರುವೆ ಸಾಲು.

ನಡುವೆ ಅವಳಿಗೆ ಸಂತೇಬೆನ್ನೂರಿನಿಂದ ಒಂದು ಸಂಬಂಧ ಬಂದಿತ್ತು. ಗಂಡಿನ ದೊಡ್ಡಪ್ಪ ಅವಲಕ್ಕಿ ತಿಂದು ಕೈ ಒರೆಸಿಕೊಂಡು, "ಎಲ್ಲಾ ಸರಿ ಐತೆ. ಹುಡುಗಿ ಕೆಲಸ ಖಾಯಮ್ಮೋ ಹೆಂಗೆ?" ಎಂದು ನನ್ನನ್ನು ಕೇಳಿದರು. ಒಳಗಿನಿಂದ ಅಕ್ಕ ಕೇಳಿದಳು: "ಹುಡುಗ ಖಾಯಮ್ಮೇನ್ರಿ?" ಅವರು ಎದ್ದು ಹೋದರು. ಅವ್ವ ಮೂರು ದಿನ ಅವಳ ಜೊತೆ ಮಾತಾಡಲಿಲ್ಲ. ನಾನೂ ಆಡಲಿಲ್ಲ. ನನಗೆ ಆಗ ಹೆಂಡತಿ, ಎರಡು ಹೆಣ್ಣುಮಕ್ಕಳು. ಖಾಯಂ ಅನ್ನುವ ಮಾತು ಕೇಳಿದರೇ ನನ್ನ ಬಾಯಲ್ಲಿ ನೀರೂರುತ್ತಿತ್ತು. ಅಕ್ಕ ಆ ಮಾತನ್ನು ತಮಾಷೆ ಮಾಡುವುದು ಕಂಡರೆ ಮೈ ಉರಿಯುತ್ತಿತ್ತು. ಅವಳು ಅದಕ್ಕಾಗಿ ಎಷ್ಟು ಆಸೆಪಟ್ಟಿದ್ದಳು ಎಂದು ನನಗೆ ಹೊಳೆಯಲಿಲ್ಲ. ಆಸೆ ಇಲ್ಲದವಳು ಆ ಪುಸ್ತಕ ಯಾಕೆ ಇಡುತ್ತಿದ್ದಳು?

ಏಳು ಪುಟ ತುಂಬಿದ ಮೇಲೆ ಅವಳು ಸಂಘಕ್ಕೆ ಅರ್ಜಿ ಬರೆದಳು. ಏಳು ವರ್ಷ ಒಂದು ದಿನವೂ ಬಿಡದೆ ಪಾಠ ಮಾಡಿದ್ದೇನೆ, ಬ್ರೇಕ್ ದಿನವೂ ಮಾಡಿದ್ದೇನೆ, ಪುರಾವೆ ಇದೆ, ನನ್ನನ್ನು ಖಾಯಂ ಮಾಡಿ. ಹದಿನೈದು ದಿನದಲ್ಲಿ ಅವಳಿಗೆ ಜಗಳೂರಿಗೆ ವರ್ಗ ಆಯಿತು. ಅಲ್ಲಿ ಸಂಘದ ಹೊಸ ತರಗತಿ ಇತ್ತು, ಅನ್ನುವುದು ಹೆಸರಿಗೆ. ಕೋಣೆ ಇರಲಿಲ್ಲ, ಬೋರ್ಡು ಇರಲಿಲ್ಲ. ಬೇರೆ ಜಿಲ್ಲೆ, ಎರಡು ಬಸ್ಸು ಬದಲಿಸಬೇಕು. ಸೋತು ತಾನೇ ಬಿಡುತ್ತಾಳೆ ಅಂದುಕೊಂಡಿದ್ದರು. "ಜಗಳೂರು ಅಂತ ಹೆಸರಿಟ್ಟೋರು ನನ್ನ ನೋಡಿಯೇ ಇಟ್ಟಿರ್ಬೇಕು" ಎಂದು ಟ್ರಂಕು ಬಿಟ್ಟು ಒಂದು ಚೀಲ ಹಿಡಿದು ಹೋದಳು. ಶನಿವಾರ ಬರುತ್ತಿದ್ದಳು, ಸೋಮವಾರ ಮೊದಲ ಬಸ್ಸಿಗೆ ಹೋಗುತ್ತಿದ್ದಳು.

ಅವಳಿಲ್ಲದ ಒಂದು ಬುಧವಾರ ಕಾರ್ಯದರ್ಶಿ ಸ್ಕೂಟರ್ ತಳ್ಳಿಕೊಂಡು ನಮ್ಮ ಶಾಪಿಗೆ ಬಂದರು. ಹಿಂದಿನ ಗಾಲಿ ಪಂಚರ್. ನಾನು ಟ್ಯೂಬನ್ನು ನೀರಿನಲ್ಲಿ ಅದ್ದುತ್ತಿದ್ದಾಗ ಪಕ್ಕದಲ್ಲೇ ಕುಕ್ಕುರುಗಾಲಲ್ಲಿ ಕೂತರು. ಅಂಥ ದೊಡ್ಡ ಮನುಷ್ಯರು ನನ್ನ ಪಕ್ಕ ಹಾಗೆ ಕೂತದ್ದು ಅದೇ ಮೊದಲು.

"ನಮ್ಮ ಹೈಸ್ಕೂಲಿನಾಗೆ ಅಟೆಂಡರ್ ಜಾಗ ಖಾಲಿ ಐತಪ್ಪ. ಖಾಯಂ. ನಂಬಿಕಸ್ತರು ಬೇಕು."

ನಾನು ಟ್ಯೂಬನ್ನು ನೀರಿನಲ್ಲಿ ತಿರುಗಿಸಿದೆ. ಗುಳ್ಳೆ ಏಳುತ್ತಿತ್ತು.

"ನಿಮ್ಮಕ್ಕಂದು ಏನೋ ಪುಸ್ತಕ ಐತಂತಲ್ಲ. ಒಂದ್ಸಲ ನೋಡಾಕೆ ಕೊಡು. ಒಳ್ಳೇದಕ್ಕೇ ಕೇಳ್ತಿರೋದು. ನೋಡ್ದಲೇ ಖಾಯಂ ಹೆಂಗೆ ಮಾಡಾಕೆ ಬರತ್ತೆ?"

ನೋಡುವುದಕ್ಕೆ ಎಂದರು. ಆ ಮಾತನ್ನು ನಾನು ನಂಬಿದೆ ಎಂದು ಬರೆದರೆ ಸುಳ್ಳಾಗುತ್ತದೆ. ನಂಬಿದ ಹಾಗೆ ಇರುವುದು ನನಗೆ ಅನುಕೂಲವಾಗಿತ್ತು. ಒಂದು ಮನೆಗೆ ಒಬ್ಬರು ಖಾಯಂ ಆದರೆ ಸಾಕಲ್ಲ, ಅವಳು ಓದಿದವಳು, ಎಲ್ಲಾದರೂ ಬದುಕುತ್ತಾಳೆ. ಹೀಗೆಲ್ಲ ಲೆಕ್ಕ ಹಾಕಿದೆ. ಮಧ್ಯಾಹ್ನ ಊಟಕ್ಕೆ ಹೋದವನು ಪುಸ್ತಕವನ್ನು ಅಂಗಿಯೊಳಗೆ ಇಟ್ಟುಕೊಂಡು ಬಂದು, ಅವರ ಮನೆಯ ಜಗುಲಿಯಲ್ಲಿ ಕೊಟ್ಟೆ. ಅವರು ಬಿಚ್ಚಿಯೂ ನೋಡಲಿಲ್ಲ.

ಮುಂದಿನ ತಿಂಗಳು ನನಗೆ ಖಾಕಿ ಅಂಗಿ ಬಂತು. ಮಾರ್ಚ್ ಕೊನೆಗೆ ಅಕ್ಕನಿಗೆ ಬಿಡುಗಡೆಯ ಕಾಗದ ಬಂತು. ಏಪ್ರಿಲ್ ಎರಡಕ್ಕೆ ಬರಬೇಕಾದ್ದು ಬರಲಿಲ್ಲ.

ಅವಳು ಅಳಲಿಲ್ಲ. ಮೇಲಿನವರಿಗೆ ದೂರು ಕೊಟ್ಟಳು. ಪುಸ್ತಕಕ್ಕಾಗಿ ಟ್ರಂಕು ತೆಗೆದಾಗ ನಾನು ಬಾಗಿಲಲ್ಲಿ ನಿಂತಿದ್ದೆ. ಸೀರೆಗಳನ್ನೆಲ್ಲ ಒಂದೊಂದಾಗಿ ಕೊಡವಿದಳು.

"ನೀಲಿ ಪುಸ್ತಕ ಕಂಡ್ಯೇನೋ?"

"ಇಲ್ಲ."

ಅವಳು ನನ್ನ ಮುಖ ನೋಡಲಿಲ್ಲ. ನನ್ನ ಅಂಗಿ ನೋಡಿದಳು. ಕಾಲರಿನಿಂದ ಕೆಳಗಿನ ಗುಂಡಿಯವರೆಗೆ ನೋಡಿದಳು. ಆಮೇಲೆ ಟ್ರಂಕಿನ ಮುಚ್ಚಳ ಹಾಕಿದಳು.

ಶಿವಮೊಗ್ಗದಿಂದ ಒಬ್ಬ ಅಧಿಕಾರಿ ವಿಚಾರಣೆಗೆ ಹೊನ್ನಾಳಿಯ ಪ್ರವಾಸಿ ಮಂದಿರಕ್ಕೆ ಬಂದರು. ಕಾರ್ಯದರ್ಶಿಯ ಫೈಲು ಹೊತ್ತುಕೊಂಡು ಹೋಗುವ ಕೆಲಸ ನನ್ನದೇ. ವರಾಂಡದಲ್ಲಿ ಅಕ್ಕನ ಕಡೆಯವರು ನಿಂತಿದ್ದರು: ಕಂಡಕ್ಟರು, ಕಾಂಪೌಂಡರು, ಲೈನ್‌ಮನ್. ಆಯಾ ಆಗಿದ್ದವಳು ಈಗ ನರ್ಸು, ಬಿಳಿ ಸೀರೆಯಲ್ಲೇ ಬಂದಿದ್ದಳು. ಅವಳು ನನ್ನನ್ನು ಅಕ್ಕನ ತಮ್ಮನೆಂದು ಪ್ರೀತಿಯಿಂದಲೇ ಮಾತಾಡಿಸಿದಳು.

"ಪುಸ್ತಕ ಸಿಗಲೇ ಇಲ್ಲೇನ್ರಣ್ಣ? ನಾವೆಲ್ಲ ಅದ್ರಾಗೆ ಪ್ರತಿ ವರ್ಷಾನೂ ಅದೇ ಸಾಲು ಬರೀತಿದ್ವಿ. ನಿಮಗೆ ಗೊತ್ತಿರಬೇಕಲ್ಲ?"

ಗೊತ್ತಿಲ್ಲ ಎಂದೆ. ಅವಳು ಆ ಸಾಲನ್ನು ಮೊದಲು ಇಂಗ್ಲಿಷಿನಲ್ಲಿ ಹೇಳಿ, ಆಮೇಲೆ ಕನ್ನಡದಲ್ಲಿ ಹೇಳಿದಳು: 'ಇವತ್ತು ತರಗತಿ ಇಲ್ಲ. ನಾನು ತರಗತಿಯಲ್ಲಿ ಇದ್ದೇನೆ.'

ನಾನು ಇರುವೆ ಸಾಲು ಅಂದುಕೊಂಡದ್ದು ಅದು.

ಒಳಗೆ ಕಾರ್ಯದರ್ಶಿ ಎಂಟು ನೇಮಕ, ಎಂಟು ಬಿಡುಗಡೆ ಕಾಗದಗಳನ್ನು ಮೇಜಿನ ಮೇಲೆ ಹರಡಿದರು. ಪ್ರತಿ ವರ್ಷ ಹೊಸ ನೌಕರಿ ಸ್ವಾಮಿ, ಹಳೆಯದು ಎಂಬುದೇ ಇಲ್ಲ ಎಂದರು. ಅಧಿಕಾರಿ ಅಕ್ಕನ ಕಡೆ ತಿರುಗಿದರು. ಪುಸ್ತಕ ಕಳೆದಿದೆ, ಬರೆದವರು ಬಂದಿದ್ದಾರೆ ಎಂದಳು ಅವಳು. ಕಂಡಕ್ಟರು ಮುಂದೆ ಬಂದ. ಟಿಕೆಟ್ ಚೀಲ ಹೆಗಲಲ್ಲೇ ಇತ್ತು. ಅವನು ಯಾರೂ ಕೇಳದೆಯೇ ಇಂಗ್ಲಿಷಿನಲ್ಲಿ ಕೂಗಿದ: "ಶಿ ಟೀಚ್. ಐ ಲರ್ನ್. ಬ್ರೇಕ್ ಡೇ ಆಲ್ಸೋ!"

ಕಾರ್ಯದರ್ಶಿ ನಕ್ಕರು. "ನೋಡ್ರಿ ಸ್ವಾಮಿ, ಏಳು ವರ್ಷದ ಪಾಠ."

ಅಕ್ಕ ಅವರ ಕಡೆ ನೋಡಲೇ ಇಲ್ಲ. ತನ್ನ ನೌಕರಿಯ ತೀರ್ಮಾನ ಆಗುತ್ತಿರುವ ಜಾಗದಲ್ಲಿ, ಕಂಡಕ್ಟರಿಗೆ ಅಂದಳು: "ಟಾಟ್ ಅನ್ನಪ್ಪ. ಶಿ ಟಾಟ್. ಮುಗಿದಿದ್ದು ಅದು." ಅವನು ಕಿವಿ ಮುಟ್ಟಿಕೊಂಡು, "ಶಿ ಟಾಟ್!" ಎಂದು ಮೊದಲಿಗಿಂತ ಜೋರಾಗಿ ಕೂಗಿದ. ಆಗ ಅವಳು ಕಾರ್ಯದರ್ಶಿಗೆ ಹೇಳಿದಳು: "ತಪ್ಪು ಆಡಿದ, ತಿದ್ದಿಕೊಂಡ. ನೀವು ಇಷ್ಟು ಕಾಗದ ಬರೆದೀರಿ, ಒಂದನ್ನಾದ್ರೂ ತಿದ್ದಿಕೊಳ್ರಿ."

ಅಧಿಕಾರಿ ಕೆಟ್ಟವರಲ್ಲ. ಪೆನ್ನು ಕೆಳಗಿಟ್ಟು ಕೇಳಿದರು: "ಇವರೆಲ್ಲ ನಿಮ್ಮ ಶಿಷ್ಯರು, ನಿಮ್ಮ ಪರವಾಗೇ ಹೇಳ್ತಾರೆ. ಆ ಪುಸ್ತಕ ಇತ್ತು ಅಂತ ಹೇಳೋ ಬೇರೆಯವರು ಯಾರಾದರೂ ಇದ್ದಾರೇನಮ್ಮ? ಸಂಘದ ಕಡೆಯವರಾದರೂ ಸರಿ."

ಸಂಘದ ಕಡೆಯವನು ನಾನೇ ಇದ್ದೆ, ಗೋಡೆಗೆ ಒರಗಿ. ನೀರಿನ ಲೋಟದ ತಟ್ಟೆ ಕೈಯಲ್ಲಿತ್ತು. ಅಕ್ಕ ನನ್ನ ಕಡೆ ತಿರುಗಲಿಲ್ಲ. ತಿರುಗಿದ್ದರೆ ನಾನು ಹೇಳಿಬಿಡುತ್ತಿದ್ದೆನೇನೋ ಎಂದು ಎಷ್ಟೋ ವರ್ಷ ಅವಳ ಮೇಲೇ ತಪ್ಪು ಹೊರಿಸಿದ್ದೆ. ಅವಳು ತಿರುಗದೆ ಇದ್ದದ್ದು ನನ್ನ ಹೆಣ್ಣುಮಕ್ಕಳಿಗಾಗಿ ಎಂದು ಈಗ ಅನ್ನಿಸುತ್ತದೆ. ಅದೂ ನನ್ನ ಊಹೆ.

"ಯಾರೂ ಇಲ್ಲ ಸ್ವಾಮಿ" ಎಂದಳು.

ದೂರು ವಜಾ ಆಯಿತು.

ಅಷ್ಟಕ್ಕೆ ಮುಗಿಯಿತು ಎಂದು ಸಂಘದವರು ತಿಳಿದರು. ಅವಳು ನೇರ ಜಗಳೂರಿಗೆ ಹೋಗಿ, ಶೇಂಗಾ ಎಣ್ಣೆ ಮಿಲ್ಲಿನ ಪಕ್ಕದ ಖಾಲಿ ಗೋದಾಮಿನಲ್ಲಿ ಸ್ವಂತ ತರಗತಿ ಶುರು ಮಾಡಿದಳು. ಸಂಘದವರು ಒಬ್ಬನನ್ನು ಕಳಿಸಿ ಕೇಳಿಸಿದರು, ನಿಮ್ಮನ್ನು ಇಲ್ಲಿ ನೇಮಕ ಮಾಡಿದವರು ಯಾರು ಎಂದು. "ಯಾರೂ ಮಾಡಿಲ್ಲ. ಅದಕ್ಕೇ ತೆಗೆಯಾಕೆ ಯಾರಿಗೂ ಬರಲ್ಲ ಅಂತ ಹೇಳು ಹೋಗು" ಎಂದು ಕಳಿಸಿದಳು. ಕೇಳುವುದಕ್ಕೆ ಚೆಂದದ ಮಾತು. ಬಾಳಿದ್ದು ಅಷ್ಟು ಚೆಂದವಿರಲಿಲ್ಲ. ಶೇಂಗಾ ಕೀಳುವ ಕಾಲದಲ್ಲಿ ತರಗತಿಗೆ ಯಾರೂ ಬರುತ್ತಿರಲಿಲ್ಲ. ಮಿಲ್ಲಿನವರು ಮಾಲು ಬಂತೆಂದು ಎರಡು ಸಲ ಅವಳ ಬೋರ್ಡನ್ನು ಹೊರಗಿಟ್ಟರು. ಎರಡು ಸಲವೂ ಬೋರ್ಡಿದ್ದ ಕಡೆಯೇ, ಬಿಸಿಲಿನಲ್ಲೇ ಪಾಠ ಮಾಡಿದಳು. ಹಿಂಡಿಯ ವಾಸನೆ ಅವಳ ಸೀರೆಗಳಿಗೆ ಹತ್ತಿ ಹೋಗಿತ್ತು. ಆದರೂ ಅಲ್ಲಿಂದ ಪಾಸಾಗಿ ಹೋದವರು ಇಂದಿಗೂ ಬಸ್ಸಿನಲ್ಲಿ ಸಿಗುತ್ತಾರೆ, ಗಟ್ಟಿಯಾಗಿ ಮಾತಾಡುತ್ತಾರೆ.

ನಾಲ್ಕು ವರ್ಷ ನಾನು ಸಂಘದ ಕಚೇರಿಯ ಕಪಾಟುಗಳನ್ನು ಒರೆಸುವ ನೆಪದಲ್ಲಿ ಪುಸ್ತಕ ಹುಡುಕಿದೆ. ಸಿಗಲಿಲ್ಲ. ಕೊನೆಗೆ ಒಂದು ದಿನ ರಜೆ ಹಾಕಿ ಜಗಳೂರಿಗೆ ಹೋದೆ. ತರಗತಿ ನಡೆಯುತ್ತಿತ್ತು. ಹೊರಗೇ ಕಾಯಬಹುದಿತ್ತು. ಕಾದರೆ ಮತ್ತೆ ಧೈರ್ಯ ಇರುವುದಿಲ್ಲ ಎಂದು ಒಳಗೆ ಹೋಗಿ, ಹತ್ತು ಹನ್ನೆರಡು ಜನರ ಮುಂದೆಯೇ ಹೇಳಿದೆ.

"ಅಕ್ಕ, ಪುಸ್ತಕ ಕೊಟ್ಟೋನು ನಾನು."

ಒಬ್ಬಿಬ್ಬರು ತಲೆ ತಗ್ಗಿಸಿದರು. ಅಕ್ಕ ತುರುಬಿನಿಂದ ಚಾಕ್‌ಪೀಸ್ ತೆಗೆದಳು, ಮತ್ತೆ ಅಲ್ಲೇ ಸಿಕ್ಕಿಸಿದಳು.

"ಗೊತ್ತೋ. ಅಂಗಿ ನೋಡಿದಾಗ್ಲೇ ಗೊತ್ತಾತು."

"ರಾಜೀನಾಮೆ ಬರೆಸ್ಕಂಡು ಬಂದೀನಿ. ಜೇಬಿನಾಗೈತೆ. ನಾಳೆ ಕೊಡ್ತೀನಿ. ನಂಗೆ ಬ್ಯಾಡ ಆ ಕೆಲಸ."

ಅವಳು ಕೈ ಚಾಚಿದಳು. ಕೊಟ್ಟೆ. ಪೂರ್ತಿ ಓದಿ, ನಾಲ್ಕಾಗಿ ಹರಿದು ನನ್ನ ಕೈಗೇ ವಾಪಸು ಇಟ್ಟಳು.

"ನೀನು ಬಿಟ್ರೆ ಅದು ನಂಗೆ ಬರತ್ತೇನೋ? ಅವರಿಗೆ ಉಳೀತದೆ. ಏಳು ವರ್ಷ ನನ್ನಿಂದ ದಿನ ಕದ್ದೋರಿಗೆ ನಿನ್ನ ಕೆಲಸಾನೂ ಪುಕ್ಕಟೆ ಕೊಡ್ತೀಯಾ? ಹಿಡಕಂಡು ಕುಂದ್ರು. ರಿಟೈರ್ ಆಗೋ ದಿನದವರೆಗೂ ಒಂದು ಗಂಟೇನೂ ಬಿಟ್ಟುಕೊಡಬ್ಯಾಡ. ತಿಳೀತಾ?"

"ಮತ್ತೆ ನಾನು ಮಾಡಿದ್ದು?"

"ಮಾಡಿದ್ದು ಮಾಡಿದ್ದೇ. ಇಲ್ಲಿ ಬಂದು ಹೇಳಿದ್ರೆ ಏನು ಬಂತು? ನಾನೇನು ಕೇಳಿದ್ನಾ ನಿನ್ನ? ಅವತ್ತು ಆ ಸಾಹೇಬ್ರು ಕೇಳಿದ್ರು, ಅವಾಗ ಹೇಳ್ಬೇಕಿತ್ತು. ಇನ್ನೊಂದ್ಸಲ ಯಾರಾದ್ರೂ ಕೇಳಿದ್ರೆ ಹೇಳು."

ಅಷ್ಟು ಹೇಳಿ ಬೋರ್ಡಿನ ಕಡೆ ತಿರುಗಿದಳು. ನನಗೆ ಕೂರು ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ.

ಅವಳು ಹೇಳಿದ ಹಾಗೇ ಮಾಡಿದೆ. ಅದೇ ಖಾಕಿಯಲ್ಲಿ ಕೊನೆಯ ದಿನದವರೆಗೂ ದುಡಿದೆ. ಒಂದು ಗಂಟೆಯನ್ನೂ ಬಿಟ್ಟುಕೊಡಲಿಲ್ಲ. ಕಾರ್ಯದರ್ಶಿಗಳು ಬದಲಾದರು, ಎಷ್ಟೋ ತಾತ್ಕಾಲಿಕ ಟೀಚರುಗಳಿಗೆ ಮಾರ್ಚ್ ಕೊನೆಯ ಕಾಗದವನ್ನು ನಾನೇ ಒಯ್ದು ಕೊಟ್ಟೆ. ಪ್ರತಿ ಸಲ, ಇವರಲ್ಲಿ ಒಬ್ಬರಾದರೂ ನಿಮ್ಮ ಅಕ್ಕೋರಿಗೆ ಏನಾಯಿತು ಎಂದು ಕೇಳುತ್ತಾರೆ, ಇವತ್ತು ಹೇಳಿಬಿಡುತ್ತೇನೆ ಎಂದು ಕಾದೆ. ಅಕ್ಕ ಇದ್ದಷ್ಟು ದಿನವೂ ಕಾದೆ.

ಯಾರೂ ಕೇಳಲಿಲ್ಲ. ಇನ್ನು ಕಾಯುವುದಿಲ್ಲ. ಆ ಪುಸ್ತಕ ಇತ್ತು. ನೀಲಿ ರಟ್ಟಿನದು. ಏಳು ಪುಟ ತುಂಬಿತ್ತು. ನಾನು ನೋಡಿದ್ದೇನೆ.